ಮಕ್ಕಳ ಕ್ರೂಪ್ ಕೆಮ್ಮು



ಕೆಮ್ಮಿನ ವಿಷಯದಲ್ಲಿ ನಮ್ಮ ಕನ್ನಡ ನುಡಿಗೆ ಹೆಸರುಗಳ ಬಡತನವಿಲ್ಲ. ಒಣಕೆಮ್ಮು, ಕಫದ ಕೆಮ್ಮು, ಗೂರಲು, ನಾಯಿಕೆಮ್ಮು ಎಂದು ನಮ್ಮ ಅಜ್ಜಿಯಂದಿರು ಬಗೆಬಗೆಯಾಗಿ ವಿಂಗಡಿಸಿ ಕರೆದಿದ್ದಾರೆ. ಒಂದೊಂದಕ್ಕೂ ಒಂದೊಂದು ಕಷಾಯವನ್ನು ಗೊತ್ತುಮಾಡಿಯೂ ಇಟ್ಟಿದ್ದಾರೆ. ಆದರೆ ಈ ದಿನ ನಾವು ಮಾತನಾಡಹೊರಟಿರುವ ಕೆಮ್ಮಿಗೆ ಮಾತ್ರ ಎಲ್ಲರೂ ಒಪ್ಪಿದ ಕನ್ನಡದ ಹೆಸರೊಂದು ನೆಲೆನಿಂತಿಲ್ಲ. ವೈದ್ಯರು ಅದನ್ನು ಕ್ರೂಪ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಆಡುಮಾತಿನಿಂದ ಬಂದ ಶಬ್ದ ಅದು. ಒರಟು ದನಿಯಲ್ಲಿ ಕೂಗುವುದು ಎಂದು ಅದರ ಅರ್ಥ. ಶಬ್ದ ಪರದೇಶದ್ದಾದರೂ ಕಾಯಿಲೆ ನಮ್ಮ ಮನೆಗಳಲ್ಲಿಯೂ ಇದೆ. ಎಳೆಯ ಮಕ್ಕಳಿರುವ ಮನೆಗಳಲ್ಲಿ ಎಷ್ಟೋ ಜನ ಅದನ್ನು ಹೆಸರು ತಿಳಿಯದೆಯೇ ಅನುಭವಿಸಿದ್ದಾರೆ.

ಈ ಕೆಮ್ಮಿನ ದನಿ ನಾಯಿಮರಿ ಬೊಗಳಿದ ಹಾಗಿರುವುದರಿಂದ ಅನೇಕರು ಇದನ್ನೇ ನಾಯಿಕೆಮ್ಮು ಎಂದು ತಿಳಿಯುವುದುಂಟು. ಅದು ಸರಿಯಲ್ಲ. ನಾಯಿಕೆಮ್ಮು ಎಂದು ಹಿಂದಿನಿಂದ ಹೆಸರಾಗಿರುವುದು ಪರ್ಟುಸಿಸ್ ಎಂಬ ಬೇರೆ ರೋಗ. ಅದು ಬ್ಯಾಕ್ಟೀರಿಯದಿಂದ ಬರತಕ್ಕದ್ದು. ವಾರಗಟ್ಟಲೆ ಬಿಡದೆ ಕಾಡತಕ್ಕದ್ದು. ಮಗು ಕೆಮ್ಮಿ ಕೆಮ್ಮಿ ಸೋತು ಕೊನೆಗೆ ಊಳಿಡುವ ದನಿಯಲ್ಲಿ ಉಸಿರೆಳೆದುಕೊಳ್ಳುವುದು ಅದರ ಗುರುತು. ಕ್ರೂಪ್ ಬಹುಮಟ್ಟಿಗೆ ವೈರಸ್ಸಿನಿಂದ ಬರುತ್ತದೆ, ರಾತ್ರಿ ಹೊತ್ತು ಬರುತ್ತದೆ, ಎರಡು ಮೂರು ದಿನಗಳಲ್ಲಿ ಇಳಿದುಹೋಗುತ್ತದೆ. ಆದರೆ ಕೆಲವು ಮಕ್ಕಳಿಗೆ ಒಂದು ಸಲ ಬಂದದ್ದು ಮತ್ತೆ ಮತ್ತೆ ಬರುತ್ತದೆ. ಅಂಥ ಮಕ್ಕಳ ತಾಯಿತಂದೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಕೆಲವು ಮಾತುಗಳನ್ನು ಹೇಳುತ್ತಿದ್ದೇವೆ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರು, ಮನೆಯಲ್ಲಿ ಮಕ್ಕಳೊಂದಿಗರು. ನಮ್ಮ ಕಿರಿಯ ಮಗುವಿಗೆ ಎರಡನೆಯ ವರ್ಷದಿಂದ ಐದನೆಯ ವರ್ಷದ ವರೆಗೆ ಈ ಕೆಮ್ಮು ಹಲವು ಸಲ ಬಂದುಹೋಯಿತು. ಆ ಕಾಲದಲ್ಲಿ ವೈದ್ಯರಿಂದ ಕೇಳಿ, ಗ್ರಂಥಗಳಿಂದ ಓದಿ ತಿಳಿದುಕೊಂಡದ್ದರ ಸಾರ ಇಷ್ಟು: ಈ ಕೆಮ್ಮಿಗೆ ರಾತ್ರಿ ಮಾಡತಕ್ಕ ಕೆಲಸ ಬೇರೆ, ಹಗಲು ಮಾಡತಕ್ಕ ಕೆಲಸ ಬೇರೆ. ರಾತ್ರಿಯ ಕೆಲಸ ಮಗುವನ್ನು ಅಳಿಸದೆ ಉಸಿರನ್ನು ಗಮನಿಸುವುದು. ಹಗಲಿನ ಕೆಲಸ ಇದು ಏಕೆ ಮರಳಿ ಬರುತ್ತಿದೆ ಎಂದು ವಿಚಾರಿಸುವುದು. ಎರಡನ್ನೂ ಒಂದಕ್ಕೊಂದು ಕಲಸಿಬಿಟ್ಟರೆ ಮನೆಯವರಿಗೆ ರಾತ್ರಿ ಗಾಬರಿ, ಹಗಲು ಮರೆವು, ಎರಡೇ ಉಳಿಯುತ್ತವೆ.

ಮೊದಲು ಕಾಯಿಲೆಯ ರೀತಿಯನ್ನು ನೋಡೋಣ. ಆರು ತಿಂಗಳಿನಿಂದ ಮೂರು ವರ್ಷದ ವರೆಗಿನ ಮಕ್ಕಳಿಗೆ ಇದು ಹೆಚ್ಚು. ಎರಡನೆಯ ವರ್ಷದಲ್ಲಿ ಅತಿ ಹೆಚ್ಚು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ತುಸು ಹೆಚ್ಚಾಗಿ ಕಾಣಬರುತ್ತದೆ. ಆರು ವರ್ಷ ದಾಟಿದ ಮೇಲೆ ಅಪರೂಪ. ಒಂದೆರಡು ದಿನ ಮಗುವಿಗೆ ಮೂಗು ಸೋರುತ್ತಿರುತ್ತದೆ, ಮೈ ಸ್ವಲ್ಪ ಬೆಚ್ಚಗಿರುತ್ತದೆ. ಇಷ್ಟೇ ತಾನೆ ಎಂದು ಮಲಗಿಸಿರುತ್ತೇವೆ. ನಡುರಾತ್ರಿಯ ಸುಮಾರಿಗೆ ಮಗು ಬೆಚ್ಚಿ ಏಳುತ್ತದೆ. ದನಿ ಒಡೆದಿರುತ್ತದೆ. ಒಂದು ಕೆಮ್ಮು ಕೆಮ್ಮಿದರೆ ಟೊಳ್ಳು ಪಾತ್ರೆಯೊಳಗಿಂದ ಬೊಗಳಿದ ಹಾಗೆ ಕೇಳುತ್ತದೆ. ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಾಗ ಕೀರಲು ಸದ್ದು ಬರುತ್ತದೆ; ಈ ಸದ್ದಿಗೆ ವೈದ್ಯರು ಸ್ಟ್ರೈಡರ್ ಎನ್ನುತ್ತಾರೆ. ಬೆಳಗಾಗುವ ವೇಳೆಗೆ ಮಗು ಎದ್ದು ಆಡತೊಡಗುತ್ತದೆ. ಮರುರಾತ್ರಿ ಅದೇ ಕಥೆ ಸ್ವಲ್ಪ ಕಡಮೆಯಾಗಿ ಮರುಕಳಿಸುವುದುಂಟು. ರಾತ್ರಿಯೇ ಏಕೆಂದರೆ, ಆ ಹೊತ್ತಿನಲ್ಲಿ ನಮ್ಮ ದೇಹ ತಾನಾಗಿ ಹುಟ್ಟಿಸಿಕೊಳ್ಳುವ ಕಾರ್ಟಿಸಾಲ್ ಎಂಬ ರಸ ಅತಿ ಕಡಮೆಯಾಗಿರುವುದು ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಬಾವನ್ನು ಇಳಿಸುವ ಗುಣ ಆ ರಸಕ್ಕುಂಟು.

ಈ ಸದ್ದು ಎಲ್ಲಿಂದ ಬರುತ್ತದೆ? ನಮ್ಮ ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳ ಮೊದಲಾಗುವ ಕಡೆಯಲ್ಲಿ, ಕ್ರಿಕಾಯ್ಡ್ ಎಂಬ ಮೃದ್ವಸ್ಥಿಯ ಬಳೆಯೊಂದಿದೆ. ಶ್ವಾಸನಾಳದ ಮಿಕ್ಕ ಉಂಗುರಗಳು ಹಿಂಭಾಗದಲ್ಲಿ ತೆರೆದಿರುತ್ತವೆ. ಇದೊಂದು ಮಾತ್ರ ಪೂರ್ಣವಾದ ಬಳೆ. ಆದುದರಿಂದ ಒಳಗಿನ ಪೊರೆ ಬಾತುಕೊಂಡರೆ ಹೊರಕ್ಕೆ ಹಿಗ್ಗಲು ಎಡೆಯಿಲ್ಲ; ಒಳಮುಖವಾಗಿಯೇ ಬಾತು ಉಸಿರಿನ ದಾರಿಯನ್ನು ಕಿರಿದುಮಾಡಬೇಕು. ಕೊಳವೆಯಲ್ಲಿ ದ್ರವ ಹರಿಯುವುದರ ನಿಯಮವನ್ನು ೧೮೪೦ರ ಸುಮಾರಿನಲ್ಲಿ ಪ್ವಾಸೇಯ್ ಎಂಬ ಫ್ರೆಂಚ್ ವಿದ್ವಾಂಸರು ಪ್ರಯೋಗಗಳಿಂದ ಸ್ಥಾಪಿಸಿದರು. ಅವರು ಸ್ವತಃ ವೈದ್ಯರು. ಅವರ ನಿಯಮದ ಪ್ರಕಾರ ಹರಿವಿಗೆ ಉಂಟಾಗುವ ತಡೆ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಕೂಸಿನ ಉಸಿರಿನ ಕೊಳವೆ ಆ ಸ್ಥಳದಲ್ಲಿ ೪ ಮಿಲಿಮೀಟರ್ ಅಗಲವಿದೆಯೆಂದು ಇಟ್ಟುಕೊಳ್ಳೋಣ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಬಾವು ಬಂದರೆ ೨ ಮಿಲಿಮೀಟರ್ ಉಳಿಯುತ್ತದೆ. ದಾರಿಯ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯಿತು. ಉಸಿರಿನ ತಡೆ ೧೬ ಪಟ್ಟು ಏರಿತು. ಅದೇ ಒಂದು ಮಿಲಿಮೀಟರ್ ಬಾವು ೮ ಮಿಲಿಮೀಟರ್ ಅಗಲದ ದೊಡ್ಡವರ ಕೊಳವೆಯಲ್ಲಿ ಬಂದರೆ ತಡೆ ಏರುವುದು ೩ ಪಟ್ಟಿಗಿಂತ ತುಸು ಹೆಚ್ಚು ಮಾತ್ರ. ತಂದೆಗೆ ಗಂಟಲು ಕೂತದ್ದಷ್ಟೇ ಆಗುವ ನೆಗಡಿ ಮಗುವಿಗೆ ಉಸಿರಿನ ಕಷ್ಟವಾಗುವುದು ಈ ಕಾರಣದಿಂದ.

ಇನ್ನೊಂದು ಮಾತು. ಕಾಗದದ ಕೊಳವೆಯಿಂದ ಎಳನೀರು ಕುಡಿಯುವಾಗ ನಿಧಾನವಾಗಿ ಹೀರಿದರೆ ನೀರು ಸಲೀಸಾಗಿ ಬರುತ್ತದೆ. ಕೊಳವೆ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಅದರ ಗೋಡೆಗಳೇ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತವೆ. ಎಳೆಯ ಮಗುವಿನ ಉಸಿರಿನ ಕೊಳವೆಯೂ ಮೆತ್ತಗಿರುವಂಥದು. ಮಗು ಹೆದರಿ ಅತ್ತರೆ ಗಾಳಿಯನ್ನು ರಭಸವಾಗಿ ಒಳಕ್ಕೆಳೆಯುತ್ತದೆ. ರಭಸ ಹೆಚ್ಚಿದಷ್ಟೂ ಗಾಳಿ ಸುಳಿಸುತ್ತುತ್ತದೆ, ಗೋಡೆ ಒಳಕ್ಕೆ ಜಗ್ಗುತ್ತದೆ, ತಡೆ ಮತ್ತಷ್ಟು ಏರುತ್ತದೆ. ಅಳುವಿನಿಂದ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದ್ದರಿಂದ ಅಳು ಹೆಚ್ಚುತ್ತದೆ. ಹೀಗಾಗಿ ಕ್ರೂಪ್ ಬಂದ ಮಗುವನ್ನು ಸಮಾಧಾನಪಡಿಸುವುದು ಬರಿಯ ಉಪಚಾರದ ಮಾತಾಗಿ ಉಳಿಯುವುದಿಲ್ಲ; ಅದು ಚಿಕಿತ್ಸೆಯ ಮೊದಲನೆಯ ಅಂಗವೇ ಆಗುತ್ತದೆ.

ಈ ಕೆಮ್ಮನ್ನು ಕೇಳಿದೊಡನೆ ಮನೆಯ ಹಿರಿಯರು ಹೌಹಾರುವುದನ್ನು ನಾವು ಕಂಡಿದ್ದೇವೆ. ಅವರ ಹೆದರಿಕೆಗೆ ಆಧಾರವಿಲ್ಲವೆಂದು ಹೇಳುವ ಹಾಗಿಲ್ಲ, ಅದಕ್ಕೆ ಇತಿಹಾಸವುಂಟು. ಎಡಿನ್‌ಬರೋದ ವೈದ್ಯರಾದ ಫ್ರಾನ್ಸಿಸ್ ಹೋಮ್ ಎಂಬವರು ೧೭೬೫ರಲ್ಲಿ ಕ್ರೂಪ್ ಎಂಬ ಹೆಸರಿನಿಂದಲೇ ಈ ರೋಗವನ್ನು ಕುರಿತು ಗ್ರಂಥವೊಂದನ್ನು ಬರೆದರು. ೧೮೦೭ರಲ್ಲಿ ನೆಪೋಲಿಯನ್ ಚಕ್ರವರ್ತಿಯ ತಮ್ಮನ ಮಗ, ಐದು ವರ್ಷ ತುಂಬದ ಬಾಲಕ, ಕ್ರೂಪಿನಿಂದ ತೀರಿಕೊಂಡನು. ಚಕ್ರವರ್ತಿ ಈ ರೋಗವನ್ನು ಕುರಿತು ಬರೆಯುವ ಅತ್ಯುತ್ತಮ ಪ್ರಬಂಧಕ್ಕೆ ೧೨,೦೦೦ ಫ್ರಾಂಕುಗಳ ಬಹುಮಾನವನ್ನು ಸಾರಿದನು. ಜಿನೀವದ ಜುರಿನ್ ಮತ್ತು ಬ್ರೆಮೆನ್ ನಗರದ ಆಲ್ಬರ್ಸ್ ಅದನ್ನು ಹಂಚಿಕೊಂಡರು. ಆದರೆ ಆ ಕಾಲದಲ್ಲಿ ಕ್ರೂಪ್ ಎಂಬ ಒಂದೇ ಹೆಸರಿನೊಳಗೆ ಎರಡು ರೋಗಗಳು ಸೇರಿಕೊಂಡಿದ್ದವು. ಒಂದು, ನಾವು ಈಗ ಹೇಳುತ್ತಿರುವುದು. ಮತ್ತೊಂದು, ನಮ್ಮವರು ಗಂಟಲಮಾರಿ ಎಂದು ಕರೆದ ಡಿಫ್ತೀರಿಯ. ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟಿ ಉಸಿರನ್ನು ಮುಚ್ಚಿಬಿಡುವ ಆ ಮಾರಿಯೇ ಮನೆಮನೆಗಳನ್ನು ಬರಿದುಮಾಡಿದ್ದು. ೧೮೨೬ರಲ್ಲಿ ಫ್ರಾನ್ಸಿನ ಬ್ರೆಟೊನೊ ಎಂಬ ವೈದ್ಯರು ಅದನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ೧೮೯೦ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಅದಕ್ಕೆ ಪ್ರತಿವಿಷದ ದಾರಿಯನ್ನು ತೋರಿಸಿದರು; ವೈದ್ಯಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ೧೯೦೧ರಲ್ಲಿ ಬೇರಿಂಗರಿಗೆ ದೊರೆತದ್ದು ಇದಕ್ಕಾಗಿಯೇ.

ಈಗ ಲಸಿಕೆಯಿದೆ. ಹುಟ್ಟಿದ ೬, ೧೦, ೧೪ನೆಯ ವಾರಗಳಲ್ಲಿ, ಒಂದೂವರೆ ವರ್ಷದ ಸುಮಾರಿನಲ್ಲಿ, ಮತ್ತೆ ಐದು ತುಂಬಿದ ಮೇಲೆ ಕೊಡಿಸುವ ಚುಚ್ಚುಮದ್ದುಗಳಲ್ಲಿ ಗಂಟಲಮಾರಿಗೂ ನಾಯಿಕೆಮ್ಮಿಗೂ ರಕ್ಷಣೆಯಿದೆ. ಗಂಟಲಮಾರಿ ನಮ್ಮ ದೇಶದಿಂದ ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಕ್ರೂಪ್ ಮರಳಿ ಮರಳಿ ಬರುವ ಮಗುವಿನ ತಾಯಿತಂದೆಗಳು ಹಗಲಿನಲ್ಲಿ ಮಾಡತಕ್ಕ ಮೊದಲನೆಯ ಕೆಲಸ, ಲಸಿಕೆಯ ಕಾರ್ಡನ್ನು ತೆಗೆದು ಯಾವ ಚುಚ್ಚುಮದ್ದೂ ತಪ್ಪಿಲ್ಲವೆಂದು ನೋಡಿಕೊಳ್ಳುವುದು. ಆ ಕಾರ್ಡು ಭರ್ತಿಯಾಗಿದ್ದರೆ ಅಜ್ಜಿಯ ಹೆದರಿಕೆಯಲ್ಲಿ ಮುಕ್ಕಾಲುಪಾಲು ಅಲ್ಲಿಯೇ ಇಳಿಯುತ್ತದೆ.

ಇನ್ನು ಚಿಕಿತ್ಸೆಯ ಮಾತು. ತಲೆತಲಾಂತರದಿಂದ ಈ ಕೆಮ್ಮಿಗೆ ಹಬೆ ಹಿಡಿಸುತ್ತ ಬಂದಿದ್ದಾರೆ. ಇಲ್ಲಿಯೂ ಅಷ್ಟೇ, ಯೂರೋಪಿನಲ್ಲಿಯೂ ಅಷ್ಟೇ. ಕೆನಡದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೧೪೦ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಬೇರೆಬೇರೆ ಪ್ರಮಾಣದ ತೇವದ ಗಾಳಿಯನ್ನು ಕೊಟ್ಟು ನೋಡಿದಾಗ, ಹೆಚ್ಚು ತೇವದಿಂದ ಹೆಚ್ಚು ಗುಣವೇನೂ ಕಾಣಲಿಲ್ಲ. ಹಬೆಯಿಂದ ಲಾಭ ಸಿದ್ಧವಾಗಿಲ್ಲ. ಅಪಾಯವಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಕುದಿಯುವ ನೀರಿನ ಪಾತ್ರೆಯ ಮುಂದೆ ಹೊದಿಕೆ ಮುಸುಕಿ ಮಗುವನ್ನು ಹಿಡಿದು ಕೂರಿಸಿದರೆ, ಮಗು ಒಂದು ಸಲ ಒದ್ದರೆ ಸಾಕು, ಸುಟ್ಟಗಾಯ ಜನ್ಮಪೂರ್ತಿ ಉಳಿಯುತ್ತದೆ. ಮೇಲಾಗಿ ಯಾವ ಮಗುವೂ ಸುಮ್ಮನೆ ಹಬೆಗೆ ಕೂರುವುದಿಲ್ಲ, ಅಳುತ್ತದೆ. ಅಳು ಏನು ಮಾಡುತ್ತದೆಂಬುದನ್ನು ಆಗಲೇ ಹೇಳಿದ್ದೇವೆ.

ತಣ್ಣನೆಯ ಗಾಳಿಯ ವಿಷಯ ಬೇರೆ. ಆಸ್ಪತ್ರೆಗೆಂದು ಮಗುವನ್ನು ಹೊರಕ್ಕೆ ಕರೆತಂದೊಡನೆ ಕೆಮ್ಮು ಅರ್ಧ ಇಳಿದಿತ್ತು ಎಂದು ಹೇಳುವ ತಾಯಂದಿರು ಬಹಳ. ಜಿನೀವದಲ್ಲಿ ಇದನ್ನೂ ಪರೀಕ್ಷಿಸಿದರು. ಫಲಿತಾಂಶ ೨೦೨೩ರಲ್ಲಿ ಪ್ರಕಟವಾಯಿತು. ೧೧೮ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಔಷಧ ಕೊಟ್ಟ ಮೇಲೆ ಅರ್ಧ ಗಂಟೆ ಹೊರಗಿನ ಚಳಿಗಾಳಿಯಲ್ಲಿ, ಉಳಿದವರನ್ನು ಕೋಣೆಯೊಳಗೆ ಇರಿಸಿದರು. ಅರ್ಧ ಗಂಟೆಯ ಹೊತ್ತಿಗೆ ಹೊರಗಿದ್ದವರಲ್ಲಿ ನೂರಕ್ಕೆ ೪೯ ಮಂದಿಗೆ, ಒಳಗಿದ್ದವರಲ್ಲಿ ನೂರಕ್ಕೆ ೨೪ ಮಂದಿಗೆ ಸ್ಪಷ್ಟವಾದ ಸುಧಾರಣೆ ಕಂಡಿತು. ಅಲ್ಲಿನ ಗಾಳಿ ೧೦ ಡಿಗ್ರಿ ಸೆಲ್ಸಿಯಸ್ಸಿಗಿಂತ ತಂಪಾಗಿತ್ತೆಂಬುದನ್ನು ಮರೆಯಬಾರದು. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮಾಗಿಯ ರಾತ್ರಿಯಲ್ಲಿಯೂ ಅಷ್ಟು ಚಳಿ ಬೀಳುವುದು ವಿರಳ. ಆದರೂ ಮಗುವಿಗೆ ಬೆಚ್ಚಗೆ ಹೊದಿಸಿ ಕಿಟಕಿಯ ಬಳಿಯೋ ಜಗಲಿಯ ಮೇಲೆಯೋ ಹತ್ತು ನಿಮಿಷ ಎತ್ತಿಕೊಂಡಿರುವುದರಲ್ಲಿ ತಪ್ಪಿಲ್ಲ. ಮಗುವಿನ ಮನಸ್ಸೂ ಬೇರೆ ಕಡೆಗೆ ತಿರುಗುತ್ತದೆ. ಅದನ್ನೇ ನೆಚ್ಚಿಕೊಂಡು ವೈದ್ಯರ ಬಳಿಗೆ ಹೋಗುವುದನ್ನು ತಡಮಾಡಕೂಡದು, ಅಷ್ಟೆ.

ನಿಜವಾಗಿ ಗುಣ ಕೊಡುವ ಔಷಧ ಒಂದಿದೆ. ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್, ಬಾಯಿಂದ ಕುಡಿಸುವ ಒಂದೇ ಒಂದು ಪ್ರಮಾಣ. ಅದು ಬಾವನ್ನು ಇಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಗುಣ ಕಾಣಿಸುತ್ತದೆ. ಕೆನಡದಲ್ಲಿ ಸೌಮ್ಯವಾದ ಕ್ರೂಪ್ ಇದ್ದ ೭೨೦ ಮಕ್ಕಳ ಮೇಲೆ ನಡೆಸಿ ೨೦೦೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈ ಔಷಧವನ್ನು ಪಡೆದವರಲ್ಲಿ ಮತ್ತೆ ವೈದ್ಯರ ಬಳಿಗೆ ಬರಬೇಕಾದವರು ನೂರಕ್ಕೆ ೭.೩, ಬರಿಯ ಹುಸಿಮದ್ದನ್ನು ಪಡೆದವರಲ್ಲಿ ೧೫.೩. ಸ್ಟೆರಾಯ್ಡ್ ಎಂಬ ಹೆಸರನ್ನು ಕೇಳಿ ಅಂಜುವವರು ಬಹಳ ಮಂದಿ. ದಿನಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡಾಗ ಆಗುವ ಕೆಡಕು ಒಂದು ಪ್ರಮಾಣದಿಂದ ಆಗುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ಎಷ್ಟು ಕೊಡಬೇಕೆಂಬುದನ್ನು ಮಾತ್ರ ಮಗುವಿನ ತೂಕ ನೋಡಿ ವೈದ್ಯರೇ ಗೊತ್ತುಮಾಡಬೇಕು. ಉಸಿರಿನ ಕಷ್ಟ ಹೆಚ್ಚಾಗಿದ್ದರೆ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಔಷಧವನ್ನು ನೆಬ್ಯುಲೈಸರಿನಿಂದ ಮಂಜಿನಂತೆ ಮಾಡಿ ಉಸಿರಿನೊಡನೆ ಕೊಡುತ್ತಾರೆ. ಅದು ನಿಮಿಷಗಳಲ್ಲಿ ಗುಣ ತೋರಿಸಿದರೂ ಎರಡು ಗಂಟೆಯ ಸುಮಾರಿಗೆ ಅದರ ಶಕ್ತಿ ಇಳಿದುಬಿಡುತ್ತದೆ. ಆದುದರಿಂದ ಕೆಲವು ಗಂಟೆ ಅಲ್ಲಿಯೇ ಇರಿ ಎಂದು ವೈದ್ಯರು ಹೇಳಿದರೆ, ಮಗು ನಗುತ್ತಿದೆಯಲ್ಲ ಎಂದು ಮನೆಗೆ ಹೊರಟುಬಿಡಕೂಡದು.

ಆ್ಯಂಟಿಬಯಾಟಿಕ್ ಔಷಧಗಳಿಗೆ ವೈರಸ್ಸಿನ ಮೇಲೆ ಅಧಿಕಾರವಿಲ್ಲ. ಅಂಗಡಿಯಿಂದ ತರುವ ಕೆಮ್ಮಿನ ಸಿರಪ್ಪುಗಳಿಂದ ಬಾವು ಇಳಿಯುವುದಿಲ್ಲ. ಕೆಲವು ಮಗುವಿಗೆ ಮಂಪರು ತರಿಸಿ ಅಪಾಯವನ್ನೇ ಮುಚ್ಚಿಡುತ್ತವೆ. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದು ಮೂತ್ರಪಿಂಡ ಕೆಟ್ಟು ಎಳೆಯ ಮಕ್ಕಳು ತೀರಿಕೊಂಡ ಸಂಗತಿಯನ್ನು ತಾವೆಲ್ಲರೂ ಓದಿದ್ದೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಗಳ ಸಿರಪ್ಪು ಕೂಡದೆಂದು ಕೇಂದ್ರದ ಆರೋಗ್ಯಾಧಿಕಾರಿಗಳು ಆಗ ತಿಳಿಸಿದರು. ಮನೆಮದ್ದಿನಲ್ಲಿಯೂ ಎರಡು ಎಚ್ಚರಿಕೆಗಳಿವೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಕೂಡದು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಸಿ ಎದೆಗೆ ತಿಕ್ಕುವ ಪದ್ಧತಿಯನ್ನು ಎರಡು ವರ್ಷದೊಳಗಿನ ಮಕ್ಕಳಲ್ಲಿ ಬಿಟ್ಟುಬಿಡಬೇಕು.

ಹಾಗಾದರೆ ರಾತ್ರಿ ಮಾಡತಕ್ಕದ್ದೇನು? ಮಗು ಯಾರ ಮಡಿಲಿಗೆ ಹೆಚ್ಚು ಒಗ್ಗಿದೆಯೋ ಅವರು ಅದನ್ನು ನೆಟ್ಟಗೆ ಕೂರಿಸಿ ಅಪ್ಪಿಕೊಳ್ಳಬೇಕು. ಮಲಗಿಸಲು ಬಲವಂತ ಮಾಡಬಾರದು. ದೀಪವನ್ನು ಮಂದಮಾಡಿ, ಮನೆಯವರೆಲ್ಲ ಮುತ್ತಿಕೊಳ್ಳದೆ, ಮೆಲುದನಿಯಲ್ಲಿ ಮಾತನಾಡಿಸುತ್ತಿರಬೇಕು. ಕುಡಿಯಲೊಪ್ಪಿದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ಬಾಯಿ ತೆರೆಸಿ ಚಮಚದಿಂದ ನಾಲಗೆಯನ್ನೊತ್ತಿ ಗಂಟಲನ್ನು ನೋಡಹೋಗಕೂಡದು. ಬಾಯೊಳಗೆ ಬೆರಳನ್ನಂತೂ ಹಾಕಲೇಕೂಡದು. ಇಷ್ಟಾದ ಮೇಲೆ ಮಗುವಿನ ಅಂಗಿಯನ್ನು ಮೇಲೆತ್ತಿ ಎದೆಯನ್ನು ನೋಡಬೇಕು. ಕೆಮ್ಮು ಎಷ್ಟು ಜೋರಾಗಿದೆ ಎಂಬುದು ಮುಖ್ಯವಲ್ಲ; ಉಸಿರು ಹೇಗಿದೆ ಎಂಬುದು ಮುಖ್ಯ.

ಅಳದೆ ಸುಮ್ಮನೆ ಕೂತಿರುವಾಗ ಕೀರಲು ಸದ್ದಿಲ್ಲವೆಂದರೆ ಬೆಳಗಿನ ವರೆಗೆ ಎಚ್ಚರವಾಗಿದ್ದು ನೋಡಿಕೊಂಡು, ಬೆಳಗ್ಗೆ ವೈದ್ಯರಿಗೆ ತೋರಿಸಬಹುದು. ಸುಮ್ಮನಿರುವಾಗಲೂ ಒಳಕ್ಕೆಳೆವ ಉಸಿರಿನಲ್ಲಿ ಸದ್ದು ಕೇಳುತ್ತಿದ್ದರೆ, ಪಕ್ಕೆಲುಬುಗಳ ನಡುವೆ ಅಥವಾ ಕೊರಳ ಕುಳಿಯಲ್ಲಿ ಚರ್ಮ ಒಳಕ್ಕೆ ಜಗ್ಗುತ್ತಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ತುಟಿ ನೀಲಿಗಟ್ಟಿದರೆ, ಚಡಪಡಿಸುತ್ತಿದ್ದ ಮಗು ಸೋತು ಮಂಕಾದರೆ, ಒಡನೆಯೇ ೧೦೮ಕ್ಕೆ ಕರೆ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಸದ್ದು ತಾನಾಗಿ ಕಡಮೆಯಾಯಿತೆಂದು ಹಿಗ್ಗುವ ಮೊದಲು ಮಗುವಿನ ಮುಖವನ್ನು ನೋಡಬೇಕು. ಮುಖ ಕೆಂಪೇರಿ ಕಣ್ಣು ಚುರುಕಾಗಿದ್ದರೆ ಗುಣವಾಗಿದೆ. ಮುಖ ಬಿಳಿಚಿ ಮಗು ಜೋತುಬಿದ್ದಿದ್ದರೆ ಗಾಳಿಯೇ ಸಾಲದೆ ಸದ್ದು ಅಡಗಿದೆ ಎಂದು ಅರ್ಥ.

ಕ್ರೂಪ್ ಅಲ್ಲದೆ ಕ್ರೂಪಿನಂತೆ ತೋರುವ ಎರಡು ಆಪತ್ತುಗಳನ್ನೂ ಹೇಳಿಬಿಡಬೇಕು. ಜೋರು ಜ್ವರ, ಜೊಲ್ಲು ನುಂಗಲಾರದೆ ಸುರಿಸುವುದು, ಮುಂದಕ್ಕೆ ಬಾಗಿ ಬಾಯ್ದೆರೆದು ಕೂರುವುದು, ಬೊಗಳುವ ಕೆಮ್ಮು ಇಲ್ಲದಿರುವುದು, ಇವು ಕಿರುನಾಲಗೆಯ ಕೆಳಗೆ ಉಸಿರಿನ ದಾರಿಯನ್ನು ಕಾಯುವ ಮುಚ್ಚಳದ ಬಾವಿನ ಗುರುತುಗಳು. ಅದನ್ನು ಹೆಚ್ಚಾಗಿ ತರುತ್ತಿದ್ದ ಹಿಬ್ ಎಂಬ ಬ್ಯಾಕ್ಟೀರಿಯದ ವಿರುದ್ಧವೂ ಸರ್ಕಾರದ ಲಸಿಕೆಯ ಪಟ್ಟಿಯಲ್ಲಿ ಈಗ ರಕ್ಷಣೆಯಿದೆ. ಎರಡನೆಯದು, ನೆಗಡಿಯ ಸುಳಿವೇ ಇಲ್ಲದೆ ಹಗಲು ಆಡುತ್ತಲೋ ತಿನ್ನುತ್ತಲೋ ಇದ್ದ ಮಗುವಿಗೆ ಥಟ್ಟನೆ ಕೆಮ್ಮು ಹತ್ತಿ ಉಸಿರು ಸದ್ದುಮಾಡುವುದು. ಕಡಲೆಕಾಯಿ ಬೀಜವೋ ಹುಣಿಸೆಬೀಜವೋ ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡಿರಬಹುದು. ಎರಡರಲ್ಲಿಯೂ ಮನೆಯಲ್ಲಿ ಕಾಯುವ ಮಾತಿಲ್ಲ.

ಈಗ ಹಗಲಿನ ಕೆಲಸಕ್ಕೆ ಬರೋಣ. ವರ್ಷದಲ್ಲಿ ಎರಡು ಸಲಕ್ಕೆ ಮೇಲ್ಪಟ್ಟು ಬಂದರೆ ಮರುಕಳಿಸುವ ಕ್ರೂಪ್ ಎಂದು ವೈದ್ಯರು ಎಣಿಸುತ್ತಾರೆ. ಅದಕ್ಕೆ ಕಾರಣಗಳು ಹಲವು. ಕ್ರೂಪನ್ನು ಹೆಚ್ಚಾಗಿ ತರುವ ಪ್ಯಾರಾಇನ್‌ಫ್ಲುಯೆಂಜಾ ವೈರಸ್ಸಿನಲ್ಲಿ ಹಲವು ಬಗೆಗಳಿವೆ. ಒಂದು ಸಲ ಬಂದುದರಿಂದ ಶಾಶ್ವತವಾದ ರಕ್ಷಣೆ ಹುಟ್ಟುವುದಿಲ್ಲ. ಅದಕ್ಕೆ ಲಸಿಕೆಯೂ ಇಲ್ಲ. ಮಿಕ್ಕ ನೆಗಡಿಯ ವೈರಸ್ಸುಗಳೂ ಕ್ರೂಪನ್ನು ತರಬಲ್ಲವು. ೨೦೨೧ರ ಕೊನೆಯಲ್ಲಿ ಹಬ್ಬಿದ ಕೊರೋನದ ಓಮಿಕ್ರಾನ್ ತಳಿಯೂ ಮಕ್ಕಳಿಗೆ ಕ್ರೂಪನ್ನು ತಂದಿತು. ಕೆಲವು ಮಕ್ಕಳಿಗೆ ಜ್ವರವಿಲ್ಲದೆ, ನೆಗಡಿಯೂ ಹೆಚ್ಚಿಲ್ಲದೆ, ರಾತ್ರಿ ಥಟ್ಟನೆ ಬಂದು ಬೆಳಗ್ಗೆ ಮಾಯವಾಗುವ ಬಗೆಯೊಂದುಂಟು. ಅಲರ್ಜಿಯ ಅಥವಾ ಗೂರಲಿನ ಸ್ವಭಾವವಿರುವ ಮನೆತನಗಳ ಮಕ್ಕಳಲ್ಲಿ ಇದು ಹೆಚ್ಚು. ಹೊಟ್ಟೆಯ ಹುಳಿರಸ ಗಂಟಲಿನ ವರೆಗೆ ಉಕ್ಕಿ ಬರುವುದರಿಂದ ಧ್ವನಿಪೆಟ್ಟಿಗೆ ಕೆರಳಿರುವ ಮಕ್ಕಳೂ ಇದ್ದಾರೆ. ಇನ್ನು ಕೆಲವರಿಗೆ ಉಸಿರಿನ ದಾರಿ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಅಥವಾ ದಿನ ತುಂಬದೆ ಹುಟ್ಟಿದಾಗ ಉಸಿರಾಟಕ್ಕೆಂದು ಗಂಟಲಲ್ಲಿ ನಳಿಗೆ ಹಾಕಿದ್ದರಿಂದ ಆಮೇಲೆ ಕಿರಿದಾಗಿರುತ್ತದೆ.

ಇವುಗಳಲ್ಲಿ ಯಾವುದೆಂದು ವೈದ್ಯರು ತಿಳಿಯಬೇಕಾದರೆ ತಾಯಿತಂದೆಗಳು ಸಾಕ್ಷ್ಯ ಒದಗಿಸಬೇಕು. ಹಗಲು ವೈದ್ಯರ ಮುಂದೆ ಕೂತ ಮಗು ನಗುನಗುತ್ತಿರುತ್ತದೆ. ರಾತ್ರಿಯ ಸದ್ದನ್ನು ಮಾತಿನಲ್ಲಿ ವರ್ಣಿಸಲು ಯಾರಿಗೂ ಬಾರದು. ಆದುದರಿಂದ, ಮಗು ಸುರಕ್ಷಿತವಾಗಿದೆಯೆಂದು ಕಂಡ ಮೇಲೆ, ಕೈಯಲ್ಲಿರುವ ಮೊಬೈಲಿನಲ್ಲಿ ಅರ್ಧ ನಿಮಿಷ ಆ ಕೆಮ್ಮನ್ನೂ ಉಸಿರನ್ನೂ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ನೋಟುಪುಸ್ತಕದಲ್ಲಿ ದಿನ, ಹೊತ್ತು, ನೆಗಡಿಯಿತ್ತೆ ಜ್ವರವಿತ್ತೆ ಎಂಬುದು, ಎಷ್ಟು ಹೊತ್ತು ಕಾಡಿತು, ಯಾವ ಔಷಧಕ್ಕೆ ಇಳಿಯಿತು, ಇಷ್ಟನ್ನು ಬರೆದಿಡಬೇಕು. ನಾಲ್ಕು ಸಲದ ಬರೆಹ ಕೂಡಿದರೆ ಅದರಲ್ಲಿ ಒಂದು ಕ್ರಮ ಕಾಣಿಸಿಕೊಳ್ಳುವುದುಂಟು.

ಆರು ತಿಂಗಳು ತುಂಬುವ ಮೊದಲೇ ಮೊದಲಾದ ಸದ್ದು, ಎರಡು ಸಲದ ನಡುವೆ ಮಗು ಚೆನ್ನಾಗಿರುವಾಗಲೂ ಕೇಳುವ ಸದ್ದು, ವಾರ ಕಳೆದರೂ ಇಳಿಯದ ಕೆಮ್ಮು, ಹಿಂದೆ ನಳಿಗೆ ಹಾಕಿಸಿಕೊಂಡ ಚರಿತ್ರೆ, ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬೇಕಾದಷ್ಟು ಜೋರಾಗಿ ಮರಳಿ ಮರಳಿ ಬರುವುದು, ಇವುಗಳಲ್ಲಿ ಯಾವುದಿದ್ದರೂ ಕಿವಿ ಮೂಗು ಗಂಟಲಿನ ತಜ್ಞರು ಕ್ಯಾಮೆರವಿರುವ ಸಣ್ಣ ನಳಿಗೆಯಿಂದ ಒಳಗೆ ನೋಡಬೇಕಾಗಬಹುದು. ಇವಾವುವೂ ಇಲ್ಲದ ಮಕ್ಕಳೇ ಹೆಚ್ಚು. ಅವರಿಗೆ ಅಂಥ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಅವರ ತಾಯಿತಂದೆಗಳು ತಮ್ಮ ಮಕ್ಕಳ ವೈದ್ಯರಿಂದ ಒಂದು ಬರೆಹದ ಯೋಜನೆಯನ್ನು ಕೇಳಿ ಪಡೆಯುವುದು ಯೋಗ್ಯ. ಯಾವ ಗುರುತು ಕಂಡರೆ ಮನೆಯಲ್ಲಿರಬಹುದು, ಯಾವುದು ಕಂಡರೆ ಎಲ್ಲಿಗೆ ಹೋಗಬೇಕು, ಮನೆಯಲ್ಲಿ ಒಂದು ಪ್ರಮಾಣದ ಔಷಧವನ್ನು ಇಟ್ಟುಕೊಳ್ಳಬಹುದೆ, ಮಗುವಿನ ಈಗಿನ ತೂಕಕ್ಕೆ ಅದು ಎಷ್ಟು, ಎಂಬಿಷ್ಟು ಅದರಲ್ಲಿರಲಿ. ತೂಕ ಬೆಳೆಯುವುದರಿಂದ ಆಗಾಗ ತ���ದ್ದಿಸಿಕೊಳ್ಳಬೇಕು. ನಡುರಾತ್ರಿಯಲ್ಲಿ ಗಂಡಹೆಂಡಿರು ಹೋಗೋಣವೆ ಬೇಡವೆ ಎಂದು ವಾದಿಸುವುದನ್ನು ಈ ಒಂದು ಕಾಗದ ತಪ್ಪಿಸುತ್ತದೆ. ಕೆಲಸವನ್ನೂ ಹಗಲಿನಲ್ಲಿಯೇ ಹಂಚಿಕೊಂಡಿರಬೇಕು: ಮಗುವನ್ನು ಹಿಡಿಯುವವರು ಯಾರು, ವಾಹನ ತೆಗೆಯುವವರು ಯಾರು, ಮನೆಯಲ್ಲಿ ಉಳಿದ ದೊಡ್ಡ ಮಗುವಿನ ಬಳಿ ಇರುವವರು ಯಾರು.

ಮನೆಯ ಗಾಳಿಯ ವಿಷಯವೂ ಹಗಲಿನದೇ. ಕೆರಳುವ ಗಂಟಲಿಗೆ ಹೊಗೆಯೇ ಶತ್ರು. ಬೀಡಿ ಸಿಗರೇಟುಗಳ ಹೊಗೆ, ಸೊಳ್ಳೆಬತ್ತಿಯ ಹೊಗೆ, ಕೂಸಿಗೆ ಎರೆದ ಮೇಲೆ ಹಾಕುವ ಸಾಂಬ್ರಾಣಿಯ ಹೊಗೆ, ಇವುಗಳಿಂದ ಮಗುವನ್ನು ದೂರವಿಡಬೇಕು. ದೃಷ್ಟಿ ತಗಲಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಿರಿಯರ ಮನಸ್ಸಿನ ಸಮಾಧಾನಕ್ಕೆ ನಿವಾಳಿಸುವುದಾದರೆ ನಿವಾಳಿಸಲಿ. ಅದನ್ನು ಕೆಂಡಕ್ಕೆ ಹಾಕಿ ಆ ಘಾಟನ್ನು ಮಗುವಿನ ಕೋಣೆಯಲ್ಲಿ ಎಬ್ಬಿಸುವುದು ಬೇಡ.

ಕೊನೆಯದಾಗಿ ಒಂದು ಮಾತನ್ನು ಹೇಳಲೇಬೇಕು. ಈ ಕೆಮ್ಮು ಎರಡನೆಯ ಸಲ, ಮೂರನೆಯ ಸಲ ಬಂದಾಗ ನಮ್ಮ ಮನೆಗಳಲ್ಲಿ ತಪ್ಪನ್ನು ತಾಯಿಯ ತಲೆಗೆ ಕಟ್ಟುವುದು ರೂಢಿ. ಮೊಸರನ್ನ ಕೊಟ್ಟೆ, ತಲೆಗೆ ನೀರೆರೆದೆ, ಸಂಜೆಗಾಳಿಗೆ ಕರೆದುಕೊಂಡು ಹೋದೆ ಎಂದು ಅತ್ತೆಯೂ ಗಂಡನೂ ಬಂದುಹೋಗುವ ನೆಂಟರೂ ಒಬ್ಬೊಬ್ಬರು ಒಂದೊಂದು ಕಾರಣವನ್ನು ಎತ್ತಿ ಆಡುತ್ತಾರೆ. ನಿದ್ರೆಗೆಟ್ಟ ಆ ಹೆಣ್ಣುಮಗಳು ತಾನೂ ಅದನ್ನು ನಂಬಿಬಿಡುತ್ತಾಳೆ. ವೈರಸ್ಸು ಬರುವುದು ಮೊಸರಿನ ಬಟ್ಟಲಿನಿಂದಲ್ಲ. ಶಾಲೆಯಿಂದ ಬಂದ ಅಣ್ಣನ ಕೈಯಿಂದ, ಕಛೇರಿಯಿಂದ ಬಂದ ತಂದೆಯ ಸೀನಿನಿಂದ, ಮುದ್ದಿಸಲು ಬಂದ ನೆಂಟರಿಂದ. ಹೊರಗಿನಿಂದ ಬಂದವರು ಸಾಬೂನಿನಿಂದ ಕೈತೊಳೆದು ಮಗುವನ್ನು ಮುಟ್ಟುವುದು, ನೆಗಡಿಯಾದವರು ಎರಡು ದಿನ ಮುದ್ದನ್ನು ತಡೆದುಕೊಳ್ಳುವುದು, ತಾಯಿಯನ್ನು ದೂರುವುದಕ್ಕಿಂತ ಸುಲಭವೂ ಹೌದು, ಫಲಕಾರಿಯೂ ಹೌದು. ಹಾಗೆಂದು ಹಿರಿಯರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಅಳುವ ಮಗುವನ್ನು ಹೆಗಲಿಗೇರಿಸಿ, ಬೆನ್ನು ಸವರಿ, ಗುನುಗುತ್ತ ಸುಮ್ಮನಾಗಿಸುವ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಕ್ರೂಪಿನ ರಾತ್ರಿಯಲ್ಲಿ ಮೊದಲು ಬೇಕಾಗುವುದು ಆ ವಿದ್ಯೆಯೇ. ಸೊಸೆ ಕಾಗದದಲ್ಲಿರುವ ಗುರುತುಗಳನ್ನು ನೋಡುತ್ತಿರಲಿ, ಅತ್ತೆ ಮಗುವನ್ನು ಎತ್ತಿಕೊಂಡಿರಲಿ. ಆ ಮನೆಯಲ್ಲಿ ಕೆಲಸ ಸರಿಯಾಗಿ ಹಂಚಿಕೆಯಾಗಿದೆ.

ಈ ತೊಂದರೆ ಎಷ್ಟು ಕಾಲ ಎಂದು ಕೇಳುವವರಿಗೆ ಹಿಂದೆ ಹೇಳಿದ ಲೆಕ್ಕವೇ ಉತ್ತರ ಕೊಡುತ್ತದೆ. ಕೊಳವೆಯ ಅಗಲ ಒಂದೂವರೆಪಟ್ಟು ಬೆಳೆಯಿತೆಂದರೆ ಉಸಿರಿಗಿರುವ ತಡೆ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಗು ಬೆಳೆದಂತೆ ಅದೇ ನೆಗಡಿ ಬರುತ್ತದೆ, ಅದೇ ಬಾವೂ ಬರಬಹುದು. ಆದರೆ ಉಸಿರಿಗೆ ದಾರಿ ಸಾಕಷ್ಟಿರುತ್ತದೆ. ಬಹುಪಾಲು ಮಕ್ಕಳು ಐದಾರು ವರ್ಷಗಳ ಹೊತ್ತಿಗೆ ಇದನ್ನು ದಾಟಿಬಿಡುತ್ತಾರೆ. ಅಲ್ಲಿಯ ವರೆಗೆ ಲಸಿಕೆಯ ಕಾರ್ಡು, ವೈದ್ಯರು ಬರೆದುಕೊಟ್ಟ ಕಾಗದ, ಹತ್ತಿರದಲ್ಲಿ ರಾತ್ರಿಯಿಡೀ ತೆರೆದಿರುವ ಆಸ್ಪತ್ರೆಯ ದಾರಿ, ಈ ಮೂರನ್ನು ಮನೆಯವರೆಲ್ಲರೂ ತಿಳಿದಿರಲಿ. ಇಂದು ಸಂಜೆ ಮಗು ಮಲಗುವುದಕ್ಕೆ ಮುಂಚೆಯೇ ಅವುಗಳನ್ನು ಒಂದು ಸಲ ನೋಡಿಕೊಳ್ಳಿರೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.